ಗ್ರೀನ್ ಟೀ ಶುರು ಮಾಡಿದ ಮೇಲೆ ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರೆ, ಏನು ಮಾಡಲಿ?

ಹಾಸನದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಾನು ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿದ್ದೇನೆ, ಅಪ್ಪ ಅಮ್ಮ ಊರಲ್ಲಿದ್ದಾರೆ. ಅಪ್ಪನಿಗೆ 61 ವರ್ಷ. ಏಳು ವರ್ಷದಿಂದ ಬಿಪಿ ಇದೆ, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ ತಗೊಳ್ಳುತ್ತಿದ್ದರು. ಶುಗರ್ ಇನ್ನೂ ಬಂದಿಲ್ಲ, ಆದರೆ ಅಂಚಿನಲ್ಲಿದೆ ಅಂತ ಹೋದ ಸಲ ಹೇಳಿದ್ದಾರೆ.

2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂತಲ್ಲ, ಆಗ ಮನೆಯಲ್ಲಿ ಯಾರಿಗೂ ಕೈಕಾಲೇ ಆಡುತ್ತಿರಲಿಲ್ಲ. ಟಿವಿ ಹಾಕಿದರೆ ಅದೇ, ಮದುವೆ ಮನೆಗೆ ಹೋದರೆ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಂತಿದ್ದನ್ನು ನೀವೂ ನೋಡಿರುತ್ತೀರಿ. ಆ ಸಮಯದಲ್ಲೇ ಅಪ್ಪನ ಫೋನಿಗೆ ಒಂದು ವಾಟ್ಸಾಪ್ ಮೆಸೇಜ್ ಬಂತು. ಜಗತ್ತಿನಲ್ಲಿ ಜನ ಜಾಸ್ತಿ ಸಾಯುವುದು ಹೃದಯದ ಕಾಯಿಲೆ, ಲಕ್ವ, ಕ್ಯಾನ್ಸರ್ ಇವುಗಳಿಂದ, ಈ ಮೂರನ್ನೂ ತಡೆಯುವುದು ಗ್ರೀನ್ ಟೀ, ಜಪಾನಿನವರು ದಿನಕ್ಕೆ ಐದು ಕಪ್ ಕುಡಿದು ಅಷ್ಟು ವರ್ಷ ಬದುಕುತ್ತಾರೆ ಅಂತ.

ಅವತ್ತಿಂದ ಶುರು. ದೊಡ್ಡ ಸ್ಟೀಲ್ ಲೋಟದ ತುಂಬ ಕುದಿಯುವ ನೀರು, ಅದಕ್ಕೆ ಒಂದು ಟೀ ಬ್ಯಾಗ್, ಎರಡು ಚಮಚ ಜೇನುತುಪ್ಪ. ದಿನಕ್ಕೆ ಐದು ಸಲ. ತಿಂಡಿ ಆದ ತಕ್ಷಣ ಒಂದು, ಊಟ ಆದ ತಕ್ಷಣ ಒಂದು. ಅಮ್ಮನಿಗೂ ಒತ್ತಾಯ ಮಾಡಿ ಕುಡಿಸುತ್ತಾರೆ. ಕುಡಿಯಲಿ, ಬೀಡಿ ಸಿಗರೇಟಲ್ಲ ತಾನೇ ಅಂತ ನಾನೂ ಸುಮ್ಮನಿದ್ದೆ.

ಹೋದ ಭಾನುವಾರ ಊರಿಗೆ ಹೋಗಿದ್ದಾಗ ದೇವರ ಗೂಡಿನ ಪಕ್ಕ ಇಡುವ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಒಂದೂವರೆ ತಿಂಗಳ ಹಿಂದೆ ನಾನೇ ತಂದುಕೊಟ್ಟ ಮೂರು ಸ್ಟ್ರಿಪ್. ಎರಡು ಒಡೆದೇ ಇಲ್ಲ. ಮೂರನೆಯದರಲ್ಲಿ 15ಕ್ಕೆ 11 ಹಾಗೇ ಇವೆ. ಕೇಳಿದರೆ, "ಟೀ ಕುಡೀತಿದ್ದೀನಲ್ಲಮ್ಮ, ತಲೆ ಸುತ್ತು ಎಲ್ಲ ಹೋಗಿದೆ, ಸುಮ್ನೆ ಯಾಕೆ ವಿಷ ನುಂಗಬೇಕು" ಅಂದರು. ನನಗೆ ಅಲ್ಲೇ ಅಳು ಬಂತು, ಜಗಳ ಆಯಿತು, ಊಟ ಮಾಡದೆ ಬಸ್ ಹತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಆ ಮೆಸೇಜಿನಲ್ಲಿ ಇರುವುದರಲ್ಲಿ ಎಷ್ಟು ನಿಜ? ಪೂರ್ತಿ ಸುಳ್ಳು ಅಂತ ಹೇಳಿದರೆ ಅಪ್ಪ ನಂಬುವುದಿಲ್ಲ. ಅವರ ಮುಂದೆ ಕೂತು ಹೇಳಬಹುದಾದಂಥದ್ದು ಏನಾದರೂ ಇದ್ದರೆ ತಿಳಿಸಿ.

ಸಾಗರದಿಂದ ಸೆಂಡಾಯ್‌ಗೆ:

ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಹನ್ನೊಂದು ವರ್ಷದಿಂದ ಜಪಾನಿನ ಸೆಂಡಾಯ್‌ನಲ್ಲಿ ಇದ್ದೇನೆ. ನಿಮ್ಮ ಅಪ್ಪನಿಗೆ ಬಂದ ಮೆಸೇಜಿನ "ಐದು ಕಪ್" ಲೆಕ್ಕ ಬಹುಶಃ ಹುಟ್ಟಿದ್ದು ನಾನಿರುವ ಈ ಮಿಯಾಗಿ ಪ್ರಾಂತ್ಯದಲ್ಲೇ.

ಸೆಂಡಾಯ್‌ನಿಂದ ಉತ್ತರಕ್ಕೆ ಹೋದರೆ ಓಸಾಕಿ ಅಂತ ಬರುತ್ತದೆ. ಒಸಾಕಾ ಅಲ್ಲ, ಇದು ಬೇರೆ, ಭತ್ತ ಬೆಳೆಯುವ ಪ್ರದೇಶ. ಅಲ್ಲಿ 1994ರಲ್ಲಿ ತೊಹೊಕು ವಿಶ್ವವಿದ್ಯಾಲಯದವರು 40ರಿಂದ 79 ವಯಸ್ಸಿನವರಿಗೆ ಊಟ, ತಿಂಡಿ, ಟೀ, ಸಿಗರೇಟು ಎಲ್ಲದರ ಬಗ್ಗೆ ಪ್ರಶ್ನೆ ಕೊಟ್ಟು ಉತ್ತರ ಬರೆಸಿಕೊಂಡರು. ಆಗಲೇ ಲಕ್ವ, ಹೃದಯದ ಕಾಯಿಲೆ, ಕ್ಯಾನ್ಸರ್ ಬಂದವರನ್ನು ಬಿಟ್ಟು 40,530 ಜನರನ್ನು 11 ವರ್ಷ ಗಮನಿಸಿದರು. ಅಷ್ಟರಲ್ಲಿ 4,209 ಜನ ತೀರಿಕೊಂಡಿದ್ದರು. 2006ರಲ್ಲಿ ಫಲಿತಾಂಶ ಹೊರಗೆ ಬಂತು. ದಿನಕ್ಕೆ ಒಂದು ಕಪ್‌ಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ಐದು ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಗಂಡಸರಲ್ಲಿ ಶೇ 12, ಹೆಂಗಸರಲ್ಲಿ ಶೇ 23 ಕಡಿಮೆ ಇತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಮಾತ್ರ ತೆಗೆದುಕೊಂಡರೆ ಶೇ 22 ಮತ್ತು ಶೇ 31. ಅದರಲ್ಲೂ ಲಕ್ವದ ಸಾವಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಹಾಗಾಗಿ ನಿಮ್ಮ ಅಪ್ಪ ಓದಿದ್ದು ಪೂರ್ತಿ ಸುಳ್ಳಲ್ಲ. ಇದನ್ನು ಮೊದಲು ಅವರಿಗೆ ಹೇಳಿ, ಆಗ ಮುಂದಿನ ಮಾತು ಕೇಳುತ್ತಾರೆ.

ಕ್ಯಾನ್ಸರ್ ಸಾವಿನಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಆಮೇಲೆ 2015ರಲ್ಲಿ ಸುಮಾರು 90,000 ಜಪಾನೀಯರ ಮೇಲಿನ ಇನ್ನೊಂದು ದೊಡ್ಡ ಅಧ್ಯಯನ ಬಂತು, ಅದರಲ್ಲೂ ಹೃದಯ, ಲಕ್ವ, ಶ್ವಾಸಕೋಶದ ಕಾಯಿಲೆಯ ಸಾವು ಕಡಿಮೆ, ಕ್ಯಾನ್ಸರ್ ವಿಷಯದಲ್ಲಿ ಮತ್ತೆ ಏನೂ ಇಲ್ಲ. ಆದ್ದರಿಂದ ಆ ಮೆಸೇಜಿನ ಮೂರರಲ್ಲಿ ಒಂದನ್ನು ಈಗಲೇ ಹೊಡೆದು ಹಾಕಿ.

ಇನ್ನೊಂದು ವಿಷಯ. ಓಸಾಕಿಯ ಕಪ್ ಅಂದರೆ 100 ಎಂ.ಎಲ್. ನಮ್ಮೂರಿನ ಬೈಟೂ ಕಾಫಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಐದು ಕಪ್ ಅಂದರೆ ಅರ್ಧ ಲೀಟರ್. ನಿಮ್ಮ ಅಪ್ಪನ ದೊಡ್ಡ ಲೋಟದಲ್ಲಿ ಎರಡು ಲೋಟಕ್ಕೇ ಆ ಲೆಕ್ಕ ಮುಗಿಯುತ್ತದೆ. ಮತ್ತೆ ಇಲ್ಲಿ ಯಾರೂ ಅದಕ್ಕೆ ಸಿಹಿ ಹಾಕುವುದಿಲ್ಲ. ನಾನು ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ಟೀ ಕೊಟ್ಟಾಗ ಸಕ್ಕರೆ ಇದೆಯಾ ಅಂತ ಕೇಳಿದ್ದೆ. ಅವರು ಗಾಬರಿಯಾಗಿ, ಕಹಿಯಾಯಿತಾ ಅಂತ ಎರಡು ಸಲ ಕೇಳಿ ಬೇರೆ ಮಾಡಿಕೊಟ್ಟರು.

ಈಗ ಮುಖ್ಯವಾದ ಮಾತು. ಜಪಾನಿನವರು ಈ ಟೀಯನ್ನು ನೂರಾರು ವರ್ಷದಿಂದ ಕುಡಿಯುತ್ತಿದ್ದಾರೆ. ಆದರೂ 1951ರಿಂದ 1980ರವರೆಗೆ ಈ ದೇಶದಲ್ಲಿ ಜನ ಸಾಯಲು ಮೊದಲನೇ ಕಾರಣ ಏನಿತ್ತು ಗೊತ್ತಾ? ಲಕ್ವ. ಅದರಲ್ಲೂ ನಾನಿರುವ ಈ ಈಶಾನ್ಯ ಭಾಗದಲ್ಲಿ ತುಂಬ ಜಾಸ್ತಿ. ಚಳಿಗಾಲ ಪೂರ್ತಿ ಹಿಮ ಬೀಳುತ್ತದೆ, ಹೊಸ ತರಕಾರಿ ಸಿಗುತ್ತಿರಲಿಲ್ಲ, ಉಪ್ಪಿನಲ್ಲಿಟ್ಟ ಮೂಲಂಗಿ, ಉಪ್ಪು ಮೀನು, ಮಿಸೊ (ಉಪ್ಪು ಹಾಕಿ ಹುದುಗಿಸಿದ ಸೋಯಾ ಮುದ್ದೆ) ಸಾರು ಇದೇ ಊಟ. ಪಕ್ಕದ ಅಕಿತಾ ಪ್ರಾಂತ್ಯದಲ್ಲಿ 1950ರ ದಶಕದಲ್ಲಿ ಒಬ್ಬರು ದಿನಕ್ಕೆ 20 ಗ್ರಾಂಗಿಂತ ಜಾಸ್ತಿ ಉಪ್ಪು ತಿನ್ನುತ್ತಿದ್ದರು. ಟೀ ಕುಡಿದರೂ ಮಿದುಳಿನ ರಕ್ತನಾಳ ಒಡೆದು ಜನ ಹೋಗುತ್ತಿದ್ದರು.

ಅದನ್ನು ಕಡಿಮೆ ಮಾಡಿದ್ದು ಬಿಪಿ ತಪಾಸಣೆ, ಬಿಪಿ ಮಾತ್ರೆ, ಉಪ್ಪು ಕಡಿಮೆ ಮಾಡುವ ಪ್ರಚಾರ. ಊರೂರಿಗೆ ಆರೋಗ್ಯ ಕಾರ್ಯಕರ್ತೆಯರು ಹೋಗಿ ಬಿಪಿ ನೋಡಿದರು, ಮಿಸೊ ಸಾರು ಎಷ್ಟು ಉಪ್ಪಿದೆ ಅಂತ ಅಳೆದರು. 1981ರಿಂದ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂತು, ಲಕ್ವ ಈಗ ನಾಲ್ಕಕ್ಕೆ ಇಳಿದಿದೆ. ಟೀ ಮೊದಲೂ ಇತ್ತು, ಆಮೇಲೂ ಇತ್ತು. ಹೊಸದಾಗಿ ಬಂದಿದ್ದು ತೋಳಿಗೆ ಕಟ್ಟಿ ನೋಡುವ ಬಿಪಿ ಪಟ್ಟಿ ಮತ್ತು ಮಾತ್ರೆ. ನಿಮ್ಮ ಅಪ್ಪ ಜಪಾನಿನವರ ಹಾಗೆ ಬದುಕಬೇಕು ಅಂದುಕೊಂಡರೆ ಟೀ ಒಂದೇ ತಗೊಂಡು ಮಾತ್ರೆ ಬಿಡುವುದು ಹೇಗೆ? ಇಲ್ಲಿನ ಅಜ್ಜ ಅಜ್ಜಿಯರು ಟೀ ಕುಡಿಯುತ್ತಾರೆ, ಜೊತೆಗೆ ಬಿಪಿ ಮಾತ್ರೆಯನ್ನೂ ತಪ್ಪದೆ ನುಂಗುತ್ತಾರೆ. ನಾನು ಹೇಳಿದ ಆ ಅಜ್ಜಿಗೆ 84. ಅವರ ಊಟದ ಮೇಜಿನ ಮೇಲೆ ಬಿಪಿ ಮೆಷಿನ್ ಇದೆ, ಪಕ್ಕದಲ್ಲಿ ಒಂದು ನೋಟ್‌ಬುಕ್, ದಿನಾ ಬೆಳಿಗ್ಗೆ ನೋಡಿ ಬರೆಯುತ್ತಾರೆ. ಬರೆದು ಆದ ಮೇಲೆ ಟೀ.

ಔಷಧಿ ಕೌಂಟರ್:

ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ದಿನಾ ಇಂಥವರನ್ನು ನೋಡುತ್ತೇನೆ, ಆದ್ದರಿಂದ ನೇರವಾಗಿ ಹೇಳುತ್ತೇನೆ ಮೇಡಂ. ನಾಳೆಯೇ ಯಾರ ಕೈಯಲ್ಲಾದರೂ ಅಪ್ಪನ ಬಿಪಿ ನೋಡಿಸಿ. ಭಾನುವಾರದವರೆಗೆ ಕಾಯಬೇಡಿ. ಹತ್ತಿರದ ಪಿಎಚ್‌ಸಿಯಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ನಂಬರ್ ತಗೊಂಡು ಡಾಕ್ಟರನ್ನು ಕಾಣಲಿ, ಎಷ್ಟು ದಿನ ಬಿಟ್ಟಿದ್ದರು ಅಂತ ಮುಚ್ಚಿಡದೆ ಹೇಳಲಿ. ಬಿಟ್ಟಿದ್ದನ್ನು ಸರಿದೂಗಿಸಲು ಒಟ್ಟಿಗೆ ಎರಡು ನುಂಗುವುದು ಮಾತ್ರ ಬೇಡ.

ತಲೆ ಸುತ್ತು ಹೋಗಿದೆ ಅಂದರೆ ಬಿಪಿ ಹೋಗಿದೆ ಅಂತ ಅರ್ಥ ಅಲ್ಲ. ಬಿಪಿ 180 ಇದ್ದರೂ ನಡೆದುಕೊಂಡು ಬಂದು ನಗುನಗುತ್ತಾ ಮಾತಾಡಿಸುವವರು ಇದ್ದಾರೆ. ಅದಕ್ಕೇ ಇದು ಅಷ್ಟು ಜನರನ್ನು ಕೊಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿ ಪ್ರಕಾರ ನಮ್ಮ ದೇಶದಲ್ಲಿ 18 ಕೋಟಿಗೂ ಜಾಸ್ತಿ ಜನಕ್ಕೆ ಬಿಪಿ ಇದೆ. ಅದು ಇದೆ ಅಂತ ಗೊತ್ತಿರುವುದು ಶೇ 37 ಜನಕ್ಕೆ, ಹತೋಟಿಯಲ್ಲಿ ಇಟ್ಟುಕೊಂಡಿರುವವರು ಶೇ 15 ಮಾತ್ರ. ನಿಮ್ಮ ಅಪ್ಪ ಏಳು ವರ್ಷ ಆ ಶೇ 15ರಲ್ಲಿ ಇದ್ದಿರಬಹುದು, ಈಗ ಗೊತ್ತಿದ್ದೂ ಹೊರಗೆ ಬಂದಿದ್ದಾರೆ.

ಟೀ ಬಿಪಿ ಇಳಿಸುವುದಿಲ್ಲವಾ ಅಂದರೆ ಇಳಿಸುತ್ತದೆ, ಸ್ವಲ್ಪ. ಬೇರೆ ಬೇರೆ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರೆ ಮೇಲಿನ ನಂಬರ್ ಸುಮಾರು 2ರಷ್ಟು ಇಳಿಯುತ್ತದೆ. ಕೊಲೆಸ್ಟ್ರಾಲ್ ಕೂಡ ಹಾಗೇ, ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ ಎಲ್‌ಡಿಎಲ್, ಅದು ಎರಡು ಮೂರು ಪಾಯಿಂಟ್. ಈಗ ಮಾತ್ರೆ ನೋಡಿ. 2016ರಲ್ಲಿ 6 ಲಕ್ಷಕ್ಕೂ ಹೆಚ್ಚು ಜನರ ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ಮೇಲಿನ ಬಿಪಿ 10 ಇಳಿದರೆ ಲಕ್ವ ಶೇ 27 ಕಡಿಮೆ, ಒಟ್ಟು ಸಾವು ಶೇ 13 ಕಡಿಮೆ ಅಂತ ಬಂತು. ಮೇಲೆ ಸೆಂಡಾಯ್ ಸರ್ ಹೇಳಿದ ಗಂಡಸರ ಶೇ 12 ಮತ್ತು ಈ ಶೇ 13 ನೋಡೋಕೆ ಒಂದೇ ಥರ ಕಾಣುತ್ತದೆ. ಆದರೆ ಎರಡೂ ಒಂದೇ ತೂಕದ್ದಲ್ಲ. ಟೀದು ಕುಡಿಯುವವರನ್ನೂ ಕುಡಿಯದವರನ್ನೂ ದೂರದಿಂದ ನೋಡಿ ಲೆಕ್ಕ ಹಾಕಿದ್ದು. ಟೀ ಕುಡಿಯುವವರು ಸಿಗರೇಟು ಕಡಿಮೆ ಸೇದುತ್ತಿದ್ದರೋ, ಜಾಸ್ತಿ ನಡೆಯುತ್ತಿದ್ದರೋ, ಅದರ ಪಾಲು ಎಷ್ಟು ಅಂತ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಲಾಭ ಜಾಸ್ತಿ ಕಂಡಿದ್ದಕ್ಕೆ ಗಂಡಸರ ಸಿಗರೇಟು ಕಾರಣ ಇರಬಹುದು ಅಂತ ಆ ಸಂಶೋಧಕರೇ ಬರೆದಿದ್ದಾರೆ. ಮಾತ್ರೆಯದು ಒಂದು ಗುಂಪಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದ ಪ್ರಯೋಗ.

ಜೇನುತುಪ್ಪದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಣ್ಣ ಚಮಚ ಒಂದಕ್ಕೆ ಸುಮಾರು 7 ಗ್ರಾಂ. ದಿನಕ್ಕೆ ಹತ್ತು ಚಮಚ ಅಂದರೆ 70 ಗ್ರಾಂ, 200ಕ್ಕೂ ಜಾಸ್ತಿ ಕ್ಯಾಲೊರಿ. ಶುಗರ್ ಅಂಚಿನಲ್ಲಿರುವ ಮನುಷ್ಯನಿಗೆ ಇದು ದಿನಾ. ಜೇನು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮೈಗೆ ಅದು ಸಕ್ಕರೆಯೇ.

ಇನ್ನೊಂದು, ಇದು ಇಲ್ಲಿ ಓದುವ ಎಲ್ಲರಿಗೂ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತೂಕ ಇಳಿಸಲು ಅಂತ ಮಾರುತ್ತಾರಲ್ಲ, ಅದು ಬೇರೆ ವಿಷಯ. ಟೀ ಎಲೆಯಲ್ಲಿರುವ ಇಜಿಸಿಜಿ ಅನ್ನುವ ಅಂಶ ಕ್ಯಾಪ್ಸೂಲಿನಲ್ಲಿ ದಿನಕ್ಕೆ 800 ಮಿಲಿಗ್ರಾಂ ದಾಟಿದರೆ ಲಿವರ್‌ಗೆ ತೊಂದರೆ ಆಗುವ ಲಕ್ಷಣ ಕಾಣಿಸಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಕುದಿಸಿ ಕುಡಿಯುವ ಟೀಗೆ ಆ ಭಯ ಇಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುವವರು ಗ್ರೀನ್ ಟೀ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಬಿಪಿ ಮಾತ್ರೆಗಳಲ್ಲೂ ನಾಡೊಲಾಲ್ ಅನ್ನುವ ಒಂದನ್ನು ಗ್ರೀನ್ ಟೀ ಜೊತೆ ತಗೊಂಡಾಗ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ ಅಂತ ಜಪಾನಿನಲ್ಲೇ ಪತ್ತೆ ಮಾಡಿದ್ದಾರೆ. ನಮ್ಮ ಕಡೆ ಅದನ್ನು ಬರೆಯುವುದು ಕಡಿಮೆ. ಆದರೂ ಮಾತ್ರೆಯನ್ನು ನೀರಿನಲ್ಲೇ ನುಂಗಲಿ.

ಕೊನೆಗೆ ಇನ್ನೊಂದು ಮಾತು, ನಿಮ್ಮದು ಹಾಸನ ಅಂದಿದ್ದಕ್ಕೆ. ಎದೆ ಉರಿ, ಎದೆ ಒತ್ತಿದ ಹಾಗೆ, ಎಡಗೈ ಸೆಳೆತ, ಮೈಯೆಲ್ಲ ಬೆವರು, ಇದು ಬಂದಾಗ ನಮ್ಮ ಜನ ಮೊದಲು ಹೇಳುವುದು "ಗ್ಯಾಸ್ಟ್ರಿಕ್". ಸೋಡಾ ಕುಡಿದು, ಓಮದ ಕಷಾಯ ಕುಡಿದು, ಬೆಳಿಗ್ಗೆ ನೋಡೋಣ ಅಂತ ಮಲಗುತ್ತಾರೆ. ದಯವಿಟ್ಟು ಮಲಗಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ರಾತ್ರಿ ಎರಡು ಗಂಟೆಗೆ ಹೆಂಡತಿಯ ಬೈಕ್ ಹಿಂದೆ ಕೂತು ಬಂದ ಒಬ್ಬರಿಗೆ ನಮ್ಮಲ್ಲಿ ಆ ಇಂಜೆಕ್ಷನ್ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಈಗ ತಿಂಗಳಿಗೊಮ್ಮೆ ಮಾತ್ರೆಗೆ ಅಂತ ನನ್ನ ಕೌಂಟರಿಗೇ ಬರುತ್ತಾರೆ.

ತೋಟದ ಮನೆ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರು ವರ್ಷದಿಂದ ಗ್ರೀನ್ ಟೀ ಕುಡಿಯುತ್ತಿದ್ದೇನೆ. ಮೊದಲು ದಿನಕ್ಕೆ ಆರು ಏಳು ಸಲ ಹಾಲು ಸಕ್ಕರೆ ಹಾಕಿದ ಕಾಫಿ. ಈಗ ಬೆಳಿಗ್ಗೆ ಒಂದೇ ಕಾಫಿ, ಮಿಕ್ಕಿದ್ದು ಗ್ರೀನ್ ಟೀ, ಸಿಹಿ ಇಲ್ಲದೆ. ಒಂಬತ್ತು ಕೆಜಿ ಇಳಿದಿದ್ದೇನೆ. ಬಿಪಿಯೂ ಇಳಿದು ಡಾಕ್ಟರೇ ಮಾತ್ರೆಯ ಡೋಸ್ ಅರ್ಧ ಮಾಡಿದರು. ಹಾಗಾಗಿ ಅದರಿಂದ ಏನೂ ಇಲ್ಲ ಅನ್ನುವ ಹಾಗೆ ಮಾತಾಡಿದರೆ ನಾನು ಒಪ್ಪುವುದಿಲ್ಲ. ಅಪ್ಪನಿಗೆ ಅದರ ಮೇಲೆ ನಂಬಿಕೆ ಬಂದಿದೆ, ಈ ವಯಸ್ಸಿನಲ್ಲಿ ತಾವಾಗಿಯೇ ಒಂದು ಒಳ್ಳೆಯ ಅಭ್ಯಾಸ ಶುರು ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ? ಅದನ್ನು ಕಿತ್ತು ಹಾಕಬೇಡಿ ಮಗಳೇ.

ಇನ್ನೊಂದು ಸಂದೇಹ, ತಿಳಿದವರು ಹೇಳಿ. ನಮ್ಮ ಕಡೆ ಚಿಕ್ಕಮಗಳೂರು, ಕೊಡಗಿನಲ್ಲೂ ಸ್ವಲ್ಪ ಟೀ ತೋಟ ಇವೆ. ಅದೇ ಗಿಡದ ಎಲೆ ಅಲ್ವಾ? ಕಪ್ಪು ಟೀಯಲ್ಲಿ ಈ ಗುಣ ಇಲ್ಲವಾ? ಹಾಲು ಹಾಕಿದರೆ ಎಲ್ಲ ಹೋಗುತ್ತದೆ ಅಂತಾರಲ್ಲ?

ಸಾಗರದಿಂದ ಸೆಂಡಾಯ್‌ಗೆ:

ಸರ್, ನೀವು ಹೇಳಿದ್ದರಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಆರು ಕಾಫಿಯ ಸಕ್ಕರೆ ಹೋಯಿತು, ಒಂಬತ್ತು ಕೆಜಿ ಹೋಯಿತು, ಆಮೇಲೆ ಬಿಪಿ ಇಳಿಯಿತು, ಡೋಸ್ ಕಡಿಮೆ ಮಾಡಿದ್ದು ಡಾಕ್ಟರು. ಅಪ್ಪ ತಾವೇ ಬಿಟ್ಟಿದ್ದಾರೆ. ಉಳಿದಂತೆ ನಿಮ್ಮ ಮಾತು ಒಪ್ಪುತ್ತೇನೆ, ಟೀ ಬಿಡಿಸುವುದು ಬೇಡ.

ಗಿಡ ಒಂದೇ. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟು ಕಪ್ಪಾಗಿಸಿದರೆ ನಮ್ಮ ಟೀ ಪುಡಿ. ಕಿತ್ತ ತಕ್ಷಣ ಬಿಸಿ ತೋರಿಸಿ ಆ ಕೆಲಸ ನಿಲ್ಲಿಸಿದರೆ ಹಸಿರು ಟೀ. ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಹಸಿರು ಟೀಯಲ್ಲಿ ಕ್ಯಾಟೆಚಿನ್ ಅನ್ನುವ ಅಂಶ ಜಾಸ್ತಿ ಉಳಿಯುತ್ತದೆ, ಕಪ್ಪು ಟೀಯಲ್ಲಿ ಅದು ಬೇರೆ ರೂಪಕ್ಕೆ ತಿರುಗುತ್ತದೆ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಲೆಕ್ಕ ಬಂತು, ಅವರು ಕುಡಿಯುವುದು ಹೆಚ್ಚಾಗಿ ಕಪ್ಪು ಟೀಯೇ. ದಿನಕ್ಕೆ ಎರಡು ಅಥವಾ ಜಾಸ್ತಿ ಕಪ್ ಕುಡಿಯುವವರಲ್ಲಿ ಸಾವಿನ ಪ್ರಮಾಣ ಶೇ 9ರಿಂದ 13 ಕಡಿಮೆ ಇತ್ತು, ಹಾಲು ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಆದರೆ ಅವರದು ಟೀ ನೀರಿಗೆ ಒಂದು ತೊಟ್ಟು ಹಾಲು. ನಮ್ಮ ಹಾಗೆ ಅರ್ಧ ಹಾಲು ಹಾಕಿ, ಸಕ್ಕರೆ ಹಾಕಿ ಕುದಿಸುವುದಲ್ಲ.

ಬಿಪಿ ಇರುವವರಿಗೆ ಇನ್ನೊಂದು. ಜಪಾನಿನಲ್ಲೇ 18,000ಕ್ಕೂ ಹೆಚ್ಚು ಜನರನ್ನು ಸುಮಾರು 19 ವರ್ಷ ನೋಡಿದ ಅಧ್ಯಯನ 2022ರಲ್ಲಿ ಬಂತು. ಬಿಪಿ 160/100 ದಾಟಿದವರು ದಿನಕ್ಕೆ ಎರಡು ಅಥವಾ ಹೆಚ್ಚು ಕಾಫಿ ಕುಡಿದರೆ ಹೃದಯ, ಲಕ್ವದ ಸಾವು ಎರಡು ಪಟ್ಟು ಕಂಡಿತು. ಗ್ರೀನ್ ಟೀ ಕುಡಿದವರಲ್ಲಿ ಹಾಗೆ ಆಗಲಿಲ್ಲ. ನಿಮ್ಮ ಬದಲಾವಣೆ ಒಳ್ಳೆಯದೇ ಆಯಿತು ಸರ್.

ಅಂಗನವಾಡಿ ಟೀಚರ್:

ಎಲ್ಲರೂ ಅಪ್ಪನ ಬಗ್ಗೆ ಹೇಳಿದಿರಿ. ಅಮ್ಮನಿಗೂ ಒತ್ತಾಯ ಮಾಡಿ ಕುಡಿಸುತ್ತಾರೆ ಅಂತ ತಂಗಿ ಬರೆದಿದ್ದಾಳೆ, ನನ್ನ ಕಣ್ಣು ನಿಂತಿದ್ದು ಅಲ್ಲಿ.

ನಾವು ಊರಿನ ಹೆಂಗಸರಿಗೆ, ಹುಡುಗಿಯರಿಗೆ ಕಬ್ಬಿಣದ ಮಾತ್ರೆ ಹಂಚುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ ಇತ್ತು. ಹತ್ತಿರ ಹತ್ತಿರ ಅರ್ಧ. ನಮ್ಮ ಊಟದ ಕಬ್ಬಿಣ ಬರುವುದು ಸೊಪ್ಪು, ಕಾಳು, ರಾಗಿಯಿಂದ. ಊಟದ ಜೊತೆಗೋ ಊಟ ಆದ ಕೂಡಲೆಯೋ ಟೀ ಕುಡಿದರೆ, ಹಸಿರಾಗಲಿ ಕಪ್ಪಾಗಲಿ, ಅದರಲ್ಲಿನ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಅಮ್ಮನಿಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಒಂದು ಸಲ ಹಿಮೋಗ್ಲೋಬಿನ್ ನೋಡಿಸು. ನಮ್ಮ ಕಡೆ ಗಂಡಸರ ಬಿಪಿ ಎಷ್ಟು ಅಂತ ಮನೆಮಂದಿಗೆಲ್ಲ ಗೊತ್ತಿರುತ್ತದೆ, ಅಮ್ಮನ ರಕ್ತ ಎಷ್ಟಿದೆ ಅಂತ ಯಾರೂ ಕೇಳಿರುವುದಿಲ್ಲ.

ಕುದಿಯುವ ನೀರಿನ ಲೋಟ ಹಾಗೇ ಬಾಯಿಗೆ ಇಡುವುದೂ ಬೇಡ. 65 ಡಿಗ್ರಿಗಿಂತ ಬಿಸಿಯಾದುದನ್ನು ದಿನಾ ಕುಡಿಯುವುದು ಅನ್ನನಾಳದ ಕ್ಯಾನ್ಸರ್‌ಗೆ ದಾರಿ ಮಾಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ. ಕ್ಯಾನ್ಸರ್ ತಡೆಯಲು ಅಂತ ಕುಡಿಯುವ ಟೀ ಹೀಗಾಗಬಾರದಲ್ವಾ.

ಹಾಸನದ ಹುಡುಗಿ:

ಮೂರು ವಾರ ಆಯಿತು, ಬರೆಯಲು ತಡವಾಯಿತು, ಕ್ಷಮಿಸಿ. ಒಬ್ಬೊಬ್ಬರಿಗೂ ಕೈಮುಗಿದು ಥ್ಯಾಂಕ್ಸ್.

ಫಾರ್ಮಸಿಸ್ಟ್ ಸರ್ ಬರೆದ ಮಾರನೇ ದಿನ ಚಿಕ್ಕಪ್ಪನ ಮಗ ಅಪ್ಪನನ್ನು ಪಿಎಚ್‌ಸಿಗೆ ಕರೆದುಕೊಂಡು ಹೋದ. 172/104. ನರ್ಸ್ ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರಂತೆ, 168/102. ಅಪ್ಪನಿಗೆ ನಂಬಿಕೆ ಬರಲಿಲ್ಲ, ನನಗೇನೂ ಆಗುತ್ತಿಲ್ಲವಲ್ಲ ಅಂದರಂತೆ. ಡಾಕ್ಟರು ಬೈಯಲಿಲ್ಲ. ಅದೇ ಮಾತ್ರೆ ಮತ್ತೆ ಶುರು ಮಾಡಿಸಿ, ರಕ್ತ ಪರೀಕ್ಷೆ, ಇಸಿಜಿ ಬರೆದುಕೊಟ್ಟರು. ಇಸಿಜಿ ಸರಿಯಾಗಿದೆ.

ಆ ಶನಿವಾರವೇ ಊರಿಗೆ ಹೋದೆ. ಜಗಳ ಮಾಡಲಿಲ್ಲ. ನೀವೆಲ್ಲ ಬರೆದಿದ್ದನ್ನು ಜಗಲಿಯಲ್ಲಿ ಕೂತು ಜೋರಾಗಿ ಓದಿದೆ. ಓಸಾಕಿಯ ಲೆಕ್ಕ ಬಂದಾಗ ಅಪ್ಪ, "ನೋಡಿದೆಯಾ, ನಾನು ಹೇಳಲಿಲ್ವಾ" ಅಂತ ಅಮ್ಮನ ಕಡೆ ತಿರುಗಿದರು. ಟೀ ಕುಡಿಯುತ್ತಿದ್ದ ಊರಲ್ಲೇ ಲಕ್ವದಿಂದ ಅಷ್ಟು ಜನ ಹೋದರು ಅನ್ನುವ ಕಡೆ ಮಾತ್ರ ಸುಮ್ಮನಾದರು. ನಮ್ಮ ಅಜ್ಜ ಲಕ್ವ ಹೊಡೆದು ಎರಡು ವರ್ಷ ಹಾಸಿಗೆಯಲ್ಲಿದ್ದವರು. ಅವರ ಬಾಯಿಗೆ ಗಂಜಿ ಹಾಕುತ್ತಿದ್ದುದು ಅಪ್ಪನೇ. ಸ್ವಲ್ಪ ಹೊತ್ತು ಬಿಟ್ಟು, "ಆ ಉಪ್ಪಿನ ವಿಷಯ ಇನ್ನೊಂದು ಸಲ ಓದು" ಅಂದರು.

ಮನೆಗೆ ಒಂದು ಬಿಪಿ ಮೆಷಿನ್ ತಂದಿದ್ದೇನೆ. ಸೆಂಡಾಯ್ ಅಜ್ಜಿಯ ಹಾಗೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಿನ್ನೆಯದು 144/90, ಅಪ್ಪನ ಕೈಬರಹದಲ್ಲೇ ಫೋಟೋ ಕಳಿಸಿದ್ದರು. ಇನ್ನೂ ಇಳಿಯಬೇಕು, ಮುಂದಿನ ವಾರ ಡಾಕ್ಟರ್ ಮತ್ತೆ ನೋಡುತ್ತಾರೆ. ಜೇನುತುಪ್ಪ ನಿಂತಿದೆ. ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ ಮಾತ್ರ ಬಿಡಲು ಆಗುತ್ತಿಲ್ಲ, ಸಣ್ಣ ಹೋಳು ಒಂದಕ್ಕೆ ಒಪ್ಪಿದ್ದಾರೆ. ಟೀಚರಕ್ಕ, ಅಮ್ಮನ ಹಿಮೋಗ್ಲೋಬಿನ್ 9.4 ಬಂತು. ನೀವು ಬರೆಯದೇ ಇದ್ದಿದ್ದರೆ ನಾವು ನೋಡಿಸುತ್ತಲೇ ಇರಲಿಲ್ಲ. ಕಬ್ಬಿಣದ ಮಾತ್ರೆ ಶುರುವಾಗಿದೆ.

ಸೆಂಡಾಯ್ ಅಣ್ಣ, ಅಪ್ಪನದು ಒಂದು ಪ್ರಶ್ನೆ. ಜೇನು ಇಲ್ಲದೆ ಕಹಿ, ಗಂಟಲಿಗೆ ಇಳಿಯುವುದಿಲ್ಲ ಅಂತಾರೆ. ನಿಮ್ಮ ಕಡೆಯವರು ಸಿಹಿ ಇಲ್ಲದೆ ಹೇಗೆ ಕುಡಿಯುತ್ತಾರೆ ಕೇಳು ಅಂದರು.

ಸಾಗರದಿಂದ ಸೆಂಡಾಯ್‌ಗೆ:

ಓದಿ ತುಂಬ ಸಮಾಧಾನ ಆಯಿತು ತಂಗಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಕಹಿ ಆಗುವುದು ನೀರಿನಿಂದ. ಕುದಿಯುವ ನೀರು ಎಲೆಯ ಒಗರನ್ನೆಲ್ಲ ಎಳೆದು ಹಾಕುತ್ತದೆ. ಇಲ್ಲಿ 70, 80 ಡಿಗ್ರಿಗೆ ಆರಿಸಿ ಹಾಕುತ್ತಾರೆ. ಥರ್ಮಾಮೀಟರ್ ಏನೂ ಬೇಡ, ಕುದಿದ ನೀರನ್ನು ಒಂದು ಲೋಟಕ್ಕೆ, ಅಲ್ಲಿಂದ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಎರಡು ಮೂರು ಸಲ, ನಾವು ಕಾಫಿ ಆರಿಸುತ್ತೇವಲ್ಲ ಹಾಗೆ. ಆಮೇಲೆ ಸಣ್ಣ ಲೋಟದಲ್ಲಿ ಎಲೆ ಹಾಕಿ ಒಂದು ನಿಮಿಷ, ಜಾಸ್ತಿ ಬೇಡ, ಪೂರ್ತಿ ಸೋಸಿಬಿಡಿ. ಟೀ ಬ್ಯಾಗ್ ಆದರೆ ಹಿಂಡದೆ ತೆಗೆಯಿರಿ. ಅದೇ ಎಲೆಗೆ ಎರಡನೇ ಸಲ ನೀರು ಹಾಕಿದರೆ ಅರ್ಧ ನಿಮಿಷ ಸಾಕು. ಸಂಜೆ ಐದರ ಮೇಲೆ ಬೇಡ, ಅದರಲ್ಲೂ ಕೆಫೀನ್ ಇದೆ, ನಿದ್ದೆ ಕೆಡುತ್ತದೆ.

ಇನ್ನೊಂದು, ಇಲ್ಲಿನವರು ಒಬ್ಬರೇ ಕುಡಿಯುವುದು ಕಡಿಮೆ. ಈ ಕಡೆಯ ಆಡುಮಾತಿನಲ್ಲಿ "ಓಚಾಕ್ಕೊ" ಅಂತಾರೆ. ಬೆಳಿಗ್ಗೆ ಹತ್ತಕ್ಕೋ ಮಧ್ಯಾಹ್ನ ಮೂರಕ್ಕೋ ಅಕ್ಕಪಕ್ಕದವರು ಬರುತ್ತಾರೆ, ಟೀ ಹಾಕಿಕೊಂಡು ಗದ್ದೆ, ಮಳೆ, ಮೊಮ್ಮಕ್ಕಳು ಅಂತ ಮಾತಾಡುತ್ತಾ ಕೂರುತ್ತಾರೆ. ಹಾಗೆ ಕೂತರೆ ಕಹಿ ಅಷ್ಟು ಗೊತ್ತಾಗುವುದಿಲ್ಲ.

ಹಾಸನದ ಹುಡುಗಿ:

ಇವತ್ತು ಹಾಗೇ ಮಾಡಿದರಂತೆ ಅಣ್ಣ, ಮೂರು ಸಲ ಬಗ್ಗಿಸಿ, ಒಂದೇ ನಿಮಿಷ. ಪಕ್ಕದ ಮನೆ ದೊಡ್ಡಪ್ಪನಿಗೂ ಒಂದು ಲೋಟ ಕೊಟ್ಟರಂತೆ. ಕುಡಿದಾದ ಮೇಲೆ ಅವರ ಕೈಗೂ ಬಿಪಿ ಪಟ್ಟಿ ಕಟ್ಟಿದ್ದಾರೆ. 158/96. ಅವರಿಗೆ ಬಿಪಿ ಇದೆ ಅಂತ ಇವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ನಾಳೆ ಇಬ್ಬರೂ ಒಟ್ಟಿಗೆ ಪಿಎಚ್‌ಸಿಗೆ ಹೋಗುತ್ತಿದ್ದಾರೆ.